ರತ್ನ, ಯಂತ್ರ ಮತ್ತು ಉಡುಗೊರೆ: ಶ್ರೀರಂಗಪಟ್ಟಣದ ರಾಜವಸ್ತುಗಳನ್ನು ಓದುವ ಕ್ರಮ

೧. ಪ್ರಾಸ್ತಾವಿಕ

ಕರ್ನಾಟಕದ ಅರಸುಮನೆತನಗಳನ್ನು ಕುರಿತ ಅಧ್ಯಯನ ಬಹುಮಟ್ಟಿಗೆ ಶಾಸನ, ನಾಣ್ಯ, ಮೂರ್ತಿಶಿಲ್ಪ ಮತ್ತು ವಾಸ್ತುಗಳ ಸುತ್ತ ಬೆಳೆದುಬಂದಿದೆ. ಕಲ್ಲಿಗೂ ತಾಮ್ರಪಟಕ್ಕೂ ದೊರೆತ ಗಮನ ಮರ, ದಂತ, ಹೊನ್ನಿನ ತಗಡು ಮತ್ತು ಕೀಲುಗಳಿಂದ ಕೂಡಿದ ವಸ್ತುಗಳಿಗೆ ದೊರೆತಿಲ್ಲ. ಇದಕ್ಕೆ ಕಾರಣವೂ ಇದೆ. ಕಲ್ಲು ಇದ್ದಲ್ಲಿಯೇ ಉಳಿಯುತ್ತದೆ; ಚಿನ್ನ ಕರಗುತ್ತದೆ, ಮರ ಮುಕ್ಕಾಗುತ್ತದೆ, ಬೆಲೆಬಾಳುವ ವಸ್ತು ಗೆದ್ದವನ ಕೈ ಸೇರಿ ನಾಡನ್ನೇ ಬಿಡುತ್ತದೆ. ಹೀಗೆ ನಾಡು ಬಿಟ್ಟ ವಸ್ತುಗಳನ್ನು ಕುರಿತು ಬರೆದವರಲ್ಲಿ ಹೆಚ್ಚಿನವರು ಅವುಗಳನ್ನು ಇರಿಸಿಕೊಂಡ ದೇಶದ ವಿದ್ವಾಂಸರು. ಆದ್ದರಿಂದ ಅವುಗಳ ವಿವರಣೆಗೆ ಬಳಕೆಯಾದ ಪರಿಭಾಷೆಯೂ ಅಲ್ಲಿಯದೇ ಆಗಿದೆ.

ರತ್ನಖಚಿತವಾದ, ಚಲಿಸುವ, ಅರಸನ ಮುಂದಿರಿಸಲೆಂದೇ ನಿರ್ಮಿತವಾದ ವಸ್ತುಗಳ ವರ್ಗವೊಂದಿದೆ. ಯುರೋಪಿನ ಕಲಾ ಇತಿಹಾಸದಲ್ಲಿ ಇದಕ್ಕೆ ಖಚಿತವಾದ ಸ್ಥಾನವಿದೆ. ಈ ವರ್ಗದೊಳಗೆ ಮೈಸೂರು ರಾಜ್ಯದ ವಸ್ತುಗಳನ್ನು, ವಿಶೇಷವಾಗಿ ಟಿಪ್ಪು ಸುಲ್ತಾನನ ಹುಲಿಯಂತ್ರವನ್ನೂ ಸಿಂಹಾಸನದ ಭಾಗಗಳನ್ನೂ ಸೇರಿಸಿ ನೋಡುವ ರೂಢಿ ಎರಡು ಶತಮಾನಗಳಷ್ಟು ಹಳೆಯದು. ಈ ಸೇರ್ಪಡೆ ಎಷ್ಟರಮಟ್ಟಿಗೆ ಸಮರ್ಥನೀಯ? ‘ಉಡುಗೊರೆ’ ಎಂಬ ಪದ ಈ ವಸ್ತುಗಳ ವಿಷಯದಲ್ಲಿ ಏನನ್ನು ತಿಳಿಸುತ್ತದೆ, ಏನನ್ನು ಮರೆಸುತ್ತದೆ? ಈ ಎರಡು ಪ್ರಶ್ನೆಗಳನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

೨. ಕೊಡುವುದರ ದಿಕ್ಕುಗಳು

ಕನ್ನಡದಲ್ಲಿ ಕೊಡುವ ಕ್ರಿಯೆಯನ್ನು ಹೇಳುವ ಪದಗಳು ಹಲವು. ಕೆಳಗಿನವನು ಮೇಲಿನವನಿಗೆ, ಭಕ್ತನು ದೇವರಿಗೆ ಒಪ್ಪಿಸುವುದು ಕಾಣಿಕೆ. ಮೇಲಿನವನು ಮೆಚ್ಚಿ ಕೊಡುವುದು ಉಡುಗೊರೆ. ಉಡುವ ಕ್ರಿಯೆ ಆ ಪದದೊಳಗೇ ಇದೆ. ಅರಸ ತೊಡಿಸಿದ ಬಟ್ಟೆಯನ್ನು ತೊಟ್ಟವನು ಅವನ ಆಶ್ರಯವನ್ನೂ ತೊಟ್ಟಂತೆ. ದಖನಿನ ದರ್ಬಾರುಗಳ ಮೂಲಕ ಬಂದ ನಜರು ಮತ್ತು ಖಿಲ್ಲತ್ತು ಎಂಬ ಪದಗಳು ಇದೇ ಎರಡು ದಿಕ್ಕುಗಳನ್ನು ಇನ್ನಷ್ಟು ಖಚಿತಗೊಳಿಸಿದವು. ಸೋತವನು ಅಥವಾ ಅಂಜಿದವನು ವರ್ಷವರ್ಷವೂ ಸಲ್ಲಿಸುವುದು ಕಪ್ಪ. ಹರಪನಹಳ್ಳಿಯ ಪಾಳೆಯಗಾರರು ಹೈದರನ ಕಾಲದಲ್ಲಿ ಮೈಸೂರಿಗೆ ಸಲ್ಲಿಸಿದ್ದು ಈ ಬಗೆಯದು. ಯಾವ ಒಪ್ಪಂದವೂ ಇಲ್ಲದೆ ಕಿತ್ತುಕೊಂಡದ್ದು ಸೂರೆ.

ಇವು ಒಂದೇ ಅರ್ಥದ ಬೇರೆಬೇರೆ ಪದಗಳಲ್ಲ. ಒಂದೊಂದೂ ಕೊಡುವವನ ಮತ್ತು ಪಡೆಯುವವನ ನಡುವಣ ಅಧಿಕಾರಸಂಬಂಧವನ್ನು ನಿರ್ದಿಷ್ಟವಾಗಿ ಹೇಳುತ್ತದೆ. ಒಂದೇ ಪದಕವು ಕಾಣಿಕೆಯಾಗಿ ಒಳಗೆ ಬಂದು, ಉಡುಗೊರೆಯಾಗಿ ಹೊರಗೆ ಹೋಗಿ, ಸೂರೆಯಾಗಿ ಮೂರನೆಯವನ ಕೈ ಸೇರಬಹುದು. ವಸ್ತು ಅದೇ ಇರುತ್ತದೆ, ಸಂಬಂಧ ಬದಲಾಗುತ್ತದೆ. ಆದ್ದರಿಂದ ರಾಜವಸ್ತುವೊಂದರ ಅಧ್ಯಯನ ಅದರ ಅಂದಚಂದದ ವರ್ಣನೆಯಲ್ಲಿ ನಿಲ್ಲುವಂತಿಲ್ಲ. ಅದು ಯಾವ ದಿಕ್ಕಿನಲ್ಲಿ, ಯಾವ ಹೆಸರಿನಲ್ಲಿ ಕೈ ಬದಲಿಸಿತೆಂಬುದನ್ನೂ ಹೇಳಬೇಕಾಗುತ್ತದೆ.

೩. ಈ ನೆಲದ ಪೂರ್ವಪರಂಪರೆ

ಚಲಿಸುವ ಬೊಂಬೆ ಯುರೋಪಿನ ಗಡಿಯಾರದೊಂದಿಗೆ ಭಾರತಕ್ಕೆ ಬಂದಿತೆಂಬ ಗ್ರಹಿಕೆ ಸರಿಯಲ್ಲ. ಹನ್ನೊಂದನೆಯ ಶತಮಾನದ ಪರಮಾರ ದೊರೆ ಭೋಜನ ಹೆಸರಿನಲ್ಲಿರುವ ‘ಸಮರಾಂಗಣಸೂತ್ರಧಾರ’ವು ಯಂತ್ರಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ಕುಣಿಯುವ ಬೊಂಬೆಗಳು, ದೀಪಕ್ಕೆ ಎಣ್ಣೆ ಎರೆಯುವ ಬೊಂಬೆಗಳು, ಬಾಗಿಲು ಕಾಯುವ ಮರದ ಭಟರು, ಪಾದರಸದ ಬಲದಿಂದ ಹಾರುವುದೆಂದು ಹೇಳಲಾದ ಮರದ ಹಕ್ಕಿ ಇವೆಲ್ಲವೂ ಅಲ್ಲಿ ಬರುತ್ತವೆ. ಅದೇ ಅಧ್ಯಾಯದಲ್ಲಿ ಗ್ರಂಥಕಾರನು, ಯಂತ್ರಗಳ ರಚನೆಯನ್ನು ಪೂರ್ತಿಯಾಗಿ ಬಿಡಿಸಿ ಹೇಳದಿರುವುದು ಅರಿವಿನ ಕೊರತೆಯಿಂದಲ್ಲ, ಗುಟ್ಟನ್ನು ಕಾಯುವುದಕ್ಕಾಗಿ ಎಂದು ಸ್ಪಷ್ಟಪಡಿಸುತ್ತಾನೆ. ಈ ಮಾತು ಮುಂದಿನ ಚರ್ಚೆಗೆ ಮುಖ್ಯವಾದುದು. ಯಂತ್ರದ ಬೆರಗು ಅದರ ಒಳಗುಟ್ಟಿನಲ್ಲಿದೆ. ಗುಟ್ಟು ತಿಳಿದವನಿಗೆ ಅರಸನ ಬಳಿಯಲ್ಲಿ ಸ್ಥಾನವಿದೆ. ಈ ಬಗೆಯ ಆಕರಗಳನ್ನೆಲ್ಲ ಒಟ್ಟುಗೂಡಿಸಿ ವಿ. ರಾಘವನ್ ಅವರು ಸಿದ್ಧಪಡಿಸಿದ ಪ್ರಬಂಧವನ್ನು ೧೯೫೦ರ ದಶಕದಲ್ಲಿ ಪ್ರಕಟಿಸಿದ್ದು ಬೆಂಗಳೂರಿನ ಬಸವನಗುಡಿಯ ಸಂಸ್ಥೆಯೇ ಎಂಬುದನ್ನು ಇಲ್ಲಿ ನೆನೆಯಬಹುದು.

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಹನ್ನೆರಡನೆಯ ಶತಮಾನದ ಪೂರ್ವಾರ್ಧದ್ದು. ನೂರು ಅಧ್ಯಾಯಗಳ ಈ ಗ್ರಂಥ ಐದು ವಿಂಶತಿಗಳಲ್ಲಿ ಹರಡಿಕೊಂಡಿದೆ. ರತ್ನಗಳ ಪರೀಕ್ಷೆ ಅದರಲ್ಲಿ ರಾಜ್ಯದ ಭಂಡಾರಕ್ಕೆ ಸಂಬಂಧಿಸಿದ ಭಾಗದಲ್ಲಿ ಬರುತ್ತದೆ. ವಿನೋದಗಳೂ ಕ್ರೀಡೆಗಳೂ ಕೊನೆಯ ಎರಡು ವಿಂಶತಿಗಳಲ್ಲಿ ಬರುತ್ತವೆ. ಈ ವಿಂಗಡಣೆ ಅರ್ಥಪೂರ್ಣವಾದುದು. ರತ್ನ ಸಂಪತ್ತು, ಅದು ರಾಜ್ಯದ ಅಂಗ. ವಿನೋದ ರಾಜ್ಯ ಸ್ಥಿರಗೊಂಡ ಮೇಲಿನ ಭೋಗ. ಕನ್ನಡ ನಾಡಿನ ಅರಸನೊಬ್ಬನ ಕಣ್ಣಿನಲ್ಲಿ ರತ್ನವೂ ವಿನೋದವೂ ಬೇರೆಬೇರೆ ಪ್ರಕರಣಗಳಾಗಿದ್ದವು.

ವಿಜಯನಗರದ ಸಂದರ್ಭದಲ್ಲಿ ಇವೆರಡೂ ಒಂದೇ ಬಯಲಿನಲ್ಲಿ ಎದುರಾಗುತ್ತವೆ. ಇಮ್ಮಡಿ ದೇವರಾಯನ ಕಾಲದಲ್ಲಿ, ೧೪೪೩ರಲ್ಲಿ, ರಾಜಧಾನಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕನು ಮಹಾನವಮಿಯ ಉತ್ಸವವನ್ನು ವಿವರವಾಗಿ ವರ್ಣಿಸಿದ್ದಾನೆ. ರತ್ನಗಳಿಂದ ಕೂಡಿದ ಹೊನ್ನಿನ ಸಿಂಹಾಸನವನ್ನು ಅವನು ಹೇಗೆ ಬಣ್ಣಿಸುತ್ತಾನೋ, ಬಯಲಿನಲ್ಲಿ ಎತ್ತಿದ್ದ ಹಲವು ಅಂತಸ್ತುಗಳ ಅಲಂಕೃತ ಮಂಟಪಗಳನ್ನೂ ಹಾಗೆಯೇ ಬಣ್ಣಿಸುತ್ತಾನೆ. ಅವುಗಳಲ್ಲಿ ಕೆಲವು ವೇಗವಾಗಿ ತಿರುಗುತ್ತ, ಗಳಿಗೆಗೊಮ್ಮೆ ಹೊಸ ಕೋಣೆಯನ್ನು ನೋಡುವವರ ಮುಂದೆ ತರುತ್ತಿದ್ದವೆಂಬುದು ಅವನ ಬರವಣಿಗೆಯ ಅಪೂರ್ವ ವಿವರ. ಸಿಂಹಾಸನ ಅಲುಗುವುದಿಲ್ಲ, ಮಂಟಪ ತಿರುಗುತ್ತದೆ. ಅರಸ ಕುಳಿತ ವಸ್ತು ರತ್ನದ್ದು, ಅರಸನಿಗಾಗಿ ಚಲಿಸಿದ ವಸ್ತು ಮರದ್ದು. ಅಲಂಕಾರದ ಹೊದಿಕೆಯ ಕೆಳಗೆ ಮರಗೆಲಸವಿಲ್ಲದೆ ಅಂಥ ಮಂಟಪ ತಿರುಗಲಾರದು.

ಆ ಮರಗೆಲಸದ ಅರಿವು ಉತ್ಸವದೊಂದಿಗೆ ಮಾಯವಾಗಲಿಲ್ಲ. ಹಂಪೆಯಿಂದ ಕೊಟ್ಟೂರಿನವರೆಗೆ, ಹಗರಿಯ ಮತ್ತು ತುಂಗಭದ್ರೆಯ ನಡುವಣ ಸೀಮೆಯಲ್ಲಿ, ತೇರು ಎಳೆಯುವ ಜಾತ್ರೆಗಳು ಇಂದಿಗೂ ನಡೆಯುತ್ತವೆ. ಕೊಟ್ಟೂರಿನ ಗುರುಬಸವೇಶ್ವರನ ತೇರು ಅವುಗಳಲ್ಲಿ ಪ್ರಸಿದ್ಧವಾದುದು. ಅಚ್ಚು, ಗಾಲಿ, ಗೊಂಬೆಗಳಿಂದ ತುಂಬಿದ ಗಡ್ಡೆ, ಮೇಲೆ ತೂಗುವ ಎತ್ತರದ ಕಟ್ಟಣೆ: ಇವೆಲ್ಲವನ್ನೂ ಸಾವಿರಾರು ಕೈಗಳು ಎಳೆಯುವಾಗ ಸಮತೋಲ ತಪ್ಪದಂತೆ ಜೋಡಿಸುವುದು ಬಡಗಿಯ ಲೆಕ್ಕಾಚಾರ. ಅತ್ತ ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಹಗುರ ಮರವನ್ನು ಕೆತ್ತಿ, ಲೇಪ ಕೊಟ್ಟು, ಬಣ್ಣ ತುಂಬುವ ಚಿತ್ರಗಾರರ ಪರಂಪರೆ ಉಳಿದುಬಂದಿದೆ. ಬಣ್ಣ ಬಳಿದ ಮರದ ಮೈಯೊಳಗೆ ಚಲನೆಯನ್ನು ಅಡಗಿಸಿಡುವುದು ಈ ನಾಡಿಗೆ ಹೊರಗಿನಿಂದ ಕಲಿಯಬೇಕಾದ ಕಲ್ಪನೆಯಾಗಿರಲಿಲ್ಲ ಎಂಬುದಕ್ಕೆ ಇಷ್ಟು ಸಾಕು. ಸಿಂಹಾಸನದ ಮೆಟ್ಟಿಲಮೇಲೆ ನಿಂತ ಮೂವತ್ತೆರಡು ಬೊಂಬೆಗಳು ಒಂದೊಂದಾಗಿ ಮಾತಾಡಿ ಅರಸನನ್ನು ತಡೆಯುವ ಬತ್ತೀಸಪುತ್ತಳಿಯ ಕಥೆ ಕನ್ನಡದ ಜನಮನದಲ್ಲಿ ಬೇರೂರಿರುವುದೂ ಇಲ್ಲಿ ಪ್ರಸ್ತುತವಾಗಿದೆ. ಆ ಬೊಂಬೆಗಳು ಅರಸನನ್ನು ಹೊಗಳುವುದಿಲ್ಲ. ಅವನಿಗೆ ಆ ಪೀಠದ ಅರ್ಹತೆಯಿದೆಯೇ ಎಂದು ಕೇಳುತ್ತವೆ.

೪. ಯಂತ್ರವನ್ನು ಕೊಡುವುದರ ಅರ್ಥ

ರತ್ನವನ್ನು ಕೊಡುವುದಕ್ಕೂ ಯಂತ್ರವನ್ನು ಕೊಡುವುದಕ್ಕೂ ವ್ಯತ್ಯಾಸವಿದೆ. ರತ್ನ ಕೈ ಬದಲಿಸಿದೊಡನೆ ಪೂರ್ತಿಯಾಗಿ ಪಡೆದವನದಾಗುತ್ತದೆ. ಯಂತ್ರ ಹಾಗಲ್ಲ. ಅದು ಕೆಟ್ಟರೆ ಸರಿಪಡಿಸಬಲ್ಲವನು ಬೇಕು, ಅವನು ಕೊಟ್ಟವನ ಕಡೆಯವನೇ ಆಗಿರುತ್ತಾನೆ. ಇಂಗ್ಲೆಂಡಿನ ರಾಣಿ ಮೊದಲನೆಯ ಎಲಿಜಬೆತ್‌ಳ ಹೆಸರಿನಲ್ಲಿ ೧೫೯೯ರಲ್ಲಿ ಆಟೊಮನ್ ಸುಲ್ತಾನ ಮೂರನೆಯ ಮೆಹಮದನಿಗೆ ಗಡಿಯಾರವನ್ನೂ ಚಲಿಸುವ ಪ್ರತಿಮೆಗಳನ್ನೂ ಒಳಗೊಂಡ, ತಾನಾಗಿ ನುಡಿಯುವ ಆರ್ಗನ್ ವಾದ್ಯವೊಂದು ಹೋಯಿತು. ಅದರೊಂದಿಗೆ ಅದನ್ನು ನಿರ್ಮಿಸಿದ ಥಾಮಸ್ ಡಾಲಮ್ ಕೂಡ ಹೋದ. ವಾದ್ಯವನ್ನು ಮೆಚ್ಚಿದ ಆಸ್ಥಾನ ಅವನನ್ನೇ ಅಲ್ಲಿ ಉಳಿಸಿಕೊಳ್ಳಲು ಬಯಸಿತು. ಅವನು ನೆಪ ಹೇಳಿ ತಪ್ಪಿಸಿಕೊಂಡು ಬಂದ. ಆಸ್ಥಾನದ ಬಯಕೆ ವಿವೇಕದ್ದೇ ಆಗಿತ್ತು. ಉಡುಗೊರೆಯ ನಿಜವಾದ ಬೆಲೆ ಮಾಡಿದವನ ಕೈಯಲ್ಲಿತ್ತು.

ಹದಿನೆಂಟನೆಯ ಶತಮಾನದಲ್ಲಿ ಇದು ವ್ಯಾಪಾರವಾಗಿ ಬೆಳೆಯಿತು. ಲಂಡನ್ನಿನ ಜೇಮ್ಸ್ ಕಾಕ್ಸ್ ಎಂಬ ಚಿನಿವಾರನು ಚಿನ್ನ, ಹರಳು ಮತ್ತು ಗಡಿಯಾರದ ಚಕ್ರಗಳನ್ನು ಕೂಡಿಸಿ ಬೆರಗಿನ ವಸ್ತುಗಳನ್ನು ತಯಾರಿಸಿ ಚೀನಾದ ಮಾರುಕಟ್ಟೆಗೆ ಕಳುಹಿಸುತ್ತಿದ್ದ. ಕ್ಯಾಂಟನ್ನಿನ ವರ್ತಕರ ಮೂಲಕ ಅವು ಅಧಿಕಾರಿಗಳನ್ನೂ ಅಲ್ಲಿಂದ ಚಕ್ರವರ್ತಿಯನ್ನೂ ತಲುಪುತ್ತಿದ್ದವು. ೧೭೭೩ರ ಹೊತ್ತಿಗೆ ಅವನ ಲಂಡನ್ನಿನ ಪ್ರದರ್ಶನಶಾಲೆಯಲ್ಲಿದ್ದ ಬೆಳ್ಳಿಯ ಹಂಸ ಈಗ ಉತ್ತರ ಇಂಗ್ಲೆಂಡಿನ ಬೋವ್ಸ್ ವಸ್ತುಸಂಗ್ರಹಾಲಯದಲ್ಲಿದೆ. ರಷ್ಯಾದ ರಾಣಿ ಎರಡನೆಯ ಕ್ಯಾಥರೀನಳಿಗಾಗಿ ಪೊಟೆಮ್ಕಿನ್ ತರಿಸಿದ ನವಿಲಿನ ಗಡಿಯಾರ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟಾಜಿನಲ್ಲಿದೆ. ರತ್ನ ಮತ್ತು ಯಂತ್ರಗಳನ್ನು ಒಂದೇ ವಸ್ತುವಿನಲ್ಲಿ ಬೆಸೆದದ್ದು ಈ ವ್ಯಾಪಾರದ ವೈಶಿಷ್ಟ್ಯ. ಬೆಸುಗೆಯ ಉದ್ದೇಶವೂ ಸ್ಪಷ್ಟವಾಗಿತ್ತು: ಪೂರ್ವದ ಅರಸರು ಬೆರಗಾಗಬೇಕು, ಬೆರಗಾದವರು ಬಂದರು ತೆರೆಯಬೇಕು.

ಮೈಸೂರಿನ ನಿಲುವು ಈ ಹಿನ್ನೆಲೆಯಲ್ಲಿ ವಿಶಿಷ್ಟವಾಗಿ ಕಾಣುತ್ತದೆ. ಟಿಪ್ಪು ೧೭೮೬ರಲ್ಲಿ ಕರಾವಳಿಯ ತದಡಿಯಿಂದ ಹಡಗೇರಿಸಿ ಆಟೊಮನ್ ರಾಜಧಾನಿಗೆ ರಾಯಭಾರವೊಂದನ್ನು ಕಳುಹಿಸಿದ. ಫ್ರಾನ್ಸಿಗೆ ಹೋದ ಮತ್ತೊಂದು ರಾಯಭಾರದಲ್ಲಿ ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮುಹಮ್ಮದ್ ಉಸ್ಮಾನ್ ಖಾನ್ ಇದ್ದರು. ಅವರು ೧೭೮೮ರ ಜೂನಿನಲ್ಲಿ ತೂಲೋನಿನಲ್ಲಿ ಇಳಿದು, ಆಗಸ್ಟ್ ೧೦ರಂದು ವರ್ಸೈಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಸೈನಿಕ ಒಪ್ಪಂದ ಈ ರಾಯಭಾರಗಳ ಮುಖ್ಯ ಉದ್ದೇಶವಾಗಿತ್ತು. ಅದರ ಜೊತೆಗೆ ಮುಂದಿಟ್ಟ ಬೇಡಿಕೆ ಗಮನಾರ್ಹವಾದುದು. ಬಂದೂಕು ಮಾಡುವವರು, ಫಿರಂಗಿ ಎರಕ ಹೊಯ್ಯುವವರು, ಗಾಜು ಮತ್ತು ಪಿಂಗಾಣಿ ತಯಾರಿಸುವವರು, ಗಡಿಯಾರ ಕಟ್ಟುವವರು ಬೇಕೆಂದು ಮೈಸೂರು ಕೇಳಿತು. ಫ್ರಾನ್ಸಿನ ದೊರೆ ಸೆವ್ರ್ ಕಾರ್ಖಾನೆಯ ಪಿಂಗಾಣಿಯನ್ನು ಉಡುಗೊರೆಯಾಗಿ ಕೊಟ್ಟ. ಕೆಲವು ಕುಶಲಕರ್ಮಿಗಳೂ ರಾಯಭಾರಿಗಳೊಂದಿಗೆ ಬಂದರು.

ಗಡಿಯಾರವನ್ನು ಕೇಳದೆ ಗಡಿಯಾರ ಕಟ್ಟುವವನನ್ನು ಕೇಳಿದ್ದು ಸಣ್ಣ ವ್ಯತ್ಯಾಸವಲ್ಲ. ವಸ್ತುವನ್ನು ಪಡೆದು ಬೆರಗಾಗುವ ಅರಸನ ಪಾತ್ರವನ್ನು ಯುರೋಪು ಪೂರ್ವದ ದೊರೆಗಳಿಗೆ ಕೊಟ್ಟಿತ್ತು. ಟಿಪ್ಪು ಆ ಪಾತ್ರವನ್ನು ಒಪ್ಪಿಕೊಳ್ಳಲಿಲ್ಲ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ ಮತ್ತು ಬಿದನೂರುಗಳಲ್ಲಿ ಅವನು ‘ತಾರಾಮಂಡಲ’ವೆಂಬ ಹೆಸರಿನ ಕಾರ್ಖಾನೆಗಳನ್ನು ಸ್ಥಾಪಿಸಿದ್ದು ಇದೇ ನೀತಿಯ ಮುಂದುವರಿಕೆ. ಅವನ ಯುದ್ಧನೀತಿಯನ್ನೂ ಧರ್ಮನೀತಿಯನ್ನೂ ಕುರಿತು ಇತಿಹಾಸಕಾರರಲ್ಲಿರುವ ಭಿನ್ನಾಭಿಪ್ರಾಯಗಳು ಬೇರೆಯ ವಿಷಯ; ಕುಶಲತೆಯನ್ನು ನಾಡಿನೊಳಕ್ಕೆ ತರುವ ಈ ಪ್ರಯತ್ನವನ್ನು ಅವು ಅಲ್ಲಗಳೆಯುವುದಿಲ್ಲ.

೫. ಹುಲಿಯಂತ್ರ ಮತ್ತು ಅದರ ಮೂರು ಓದುಗಳು

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿರುವ ಹುಲಿಯಂತ್ರ ಸುಮಾರು ೧೭೯೩ರದೆಂದು ಎಣಿಸಲಾಗಿದೆ. ಬಣ್ಣ ಬಳಿದ ಮರದ ಹುಲಿಯೊಂದು ಅಂಗಾತ ಬಿದ್ದ ಯುರೋಪಿಯನ್ನನ ಮೇಲೆ ಎರಗಿ ಅವನ ಕೊರಳನ್ನು ಹಿಡಿದಿದೆ. ಉದ್ದ ೧೭೮ ಸೆಂಟಿಮೀಟರು, ಎತ್ತರ ೭೧ ಸೆಂಟಿಮೀಟರು. ಪಕ್ಕದ ಹಿಡಿಯನ್ನು ತಿರುಗಿಸಿದಾಗ ಒಳಗಿನ ತಿದಿಗಳು ಉಸಿರಾಡುತ್ತವೆ. ಒಂದು ಕೊಳವೆಯಿಂದ ಮನುಷ್ಯನ ನರಳು, ಮತ್ತೊಂದು ಕೊಳವೆಯಿಂದ ಹುಲಿಯ ಗುರುಗು ಹೊರಡುತ್ತವೆ. ಬಿದ್ದವನ ಎಡಗೈ ಏರಿ ಇಳಿಯುತ್ತದೆ. ಹುಲಿಯ ಪಕ್ಕೆಯ ಮುಚ್ಚಳವನ್ನು ತೆರೆದರೆ ದಂತದ ಹದಿನೆಂಟು ಗುಂಡಿಗಳ ಪುಟ್ಟ ಆರ್ಗನ್ ಕಾಣುತ್ತದೆ. ಅದರ ಮೈಮೇಲೆ ಒಂದು ಹರಳೂ ಇಲ್ಲ.

೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇದು ಅರಮನೆಯ ಸಂಗೀತಶಾಲೆಯಾದ ರಾಗಮಹಲಿನಲ್ಲಿ ಸಿಕ್ಕಿತು. ಮರುವರ್ಷವೇ ಇದರ ಚಿತ್ರವೂ ವಿವರಣೆಯೂ ಲಂಡನ್ನಿನಲ್ಲಿ ಪ್ರಕಟವಾದವು. ಟಿಪ್ಪುವಿನ ಅಹಂಕಾರಕ್ಕೂ ಕ್ರೌರ್ಯಕ್ಕೂ ಇದು ಸಾಕ್ಷಿಯೆಂದು ಆ ವಿವರಣೆ ಸಾರಿತು. ೧೮೦೮ರಿಂದ ಲೆಡನ್‌ಹಾಲ್ ಬೀದಿಯ ಕಂಪನಿಯ ಕಚೇರಿಯಲ್ಲಿ ಜನ ಇದರ ಹಿಡಿಯನ್ನು ತಿರುಗಿಸಿ ಸದ್ದು ಕೇಳಿ ಸಂತೋಷಪಟ್ಟರು. ಅಲ್ಲಿನ ಗ್ರಂಥಾಲಯದಲ್ಲಿ ಓದಲು ಬಂದ ವಿದ್ವಾಂಸರು ಆ ಸದ್ದಿಗೆ ಬೇಸತ್ತರು. ೧೮೮೦ರ ಹೊತ್ತಿಗೆ ಇದು ಸೌತ್ ಕೆನ್ಸಿಂಗ್ಟನ್ನಿನ ಸಂಗ್ರಹಾಲಯ ಸೇರಿತು. ಎರಡನೆಯ ಮಹಾಯುದ್ಧದಲ್ಲಿ ಛಾವಣಿ ಕುಸಿದು ಒಡೆದು, ಮತ್ತೆ ಜೋಡಿಸಲ್ಪಟ್ಟಿತು.

ಈ ವಸ್ತುವಿನ ಮೊದಲ ಓದು ಕಂಪನಿಯದು. ಕ್ರೂರಿಯೊಬ್ಬನ ಆಟಿಕೆಯೆಂಬುದು ಅದರ ಸಾರ. ಗೆದ್ದವರಿಗೆ ತಮ್ಮ ಯುದ್ಧವನ್ನು ಸಮರ್ಥಿಸುವ ವಸ್ತುವೊಂದು ಬೇಕಾಗಿತ್ತು, ಅದು ರಾಗಮಹಲಿನಲ್ಲಿ ದೊರೆಯಿತು. ಈ ಓದಿನಲ್ಲಿ ಯಂತ್ರದ ಕೌಶಲಕ್ಕೆ ಜಾಗವಿಲ್ಲ. ಇದ್ದರೂ ಅದು ಯುರೋಪಿಯನ್ ಕೈಯದೆಂಬ ಊಹೆಗೆ ಮಾತ್ರ.

ಎರಡನೆಯ ಓದು ಘಟನಾಮೂಲದ್ದು. ಮೈಸೂರಿನ ವಿರುದ್ಧ ಕಾದಿದ್ದ ಹೆಕ್ಟರ್ ಮನ್ರೋನ ಮಗನೊಬ್ಬ ೧೭೯೨ರ ಡಿಸೆಂಬರಿನಲ್ಲಿ ಬಂಗಾಳದ ಸಾಗರದ್ವೀಪದಲ್ಲಿ ಹುಲಿಯ ಬಾಯಿಗೆ ಬಿದ್ದ. ಆ ಸುದ್ದಿಯೇ ಯಂತ್ರಕ್ಕೆ ಪ್ರೇರಣೆಯೆಂಬ ಹೇಳಿಕೆ ಬಹಳ ಕಾಲದಿಂದ ಚಲಾವಣೆಯಲ್ಲಿದೆ. ಸೂಸನ್ ಸ್ಟ್ರಾಂಜ್ ಅವರಂಥ ವಿದ್ವಾಂಸರು ಇದನ್ನು ಮರುಪರಿಶೀಲಿಸಿದ್ದಾರೆ. ೧೭೮೭-೮೮ರಲ್ಲಿ ಟಿಪ್ಪುವಿಗಾಗಿ ತಯಾರಾದ ಬಂದೂಕೊಂದರ ಬೆಳ್ಳಿಯ ಕೆಲಸದಲ್ಲಿ ಹುಲಿಯು ಸೈನಿಕನ ಮೇಲೆ ಎರಗಿದ ಇದೇ ಬಿಂಬವಿದೆ. ಎಂದಮೇಲೆ ಬಿಂಬ ಘಟನೆಗಿಂತ ಹಿಂದಿನದು. ಹೊರಗಿನ ಸುದ್ದಿಯೊಂದು ಒಳಗಿನ ಕಲೆಯನ್ನು ಹುಟ್ಟಿಸಿತೆಂಬ ವಾದ ಇಲ್ಲಿ ಸಡಿಲಗೊಳ್ಳುತ್ತದೆ. ಸುದ್ದಿ ಈಗಾಗಲೇ ಇದ್ದ ಬಿಂಬಕ್ಕೆ ಹೊಸ ಕಾವು ಕೊಟ್ಟಿರಬಹುದು, ಅಷ್ಟೆ.

ಮೂರನೆಯ ಓದು ರಾಷ್ಟ್ರೀಯತೆಯದು. ಇದರಲ್ಲಿ ಹುಲಿ ಪ್ರತಿರೋಧದ ಲಾಂಛನ. ಮೊದಲ ಓದಿಗಿಂತ ಇದು ನ್ಯಾಯವಾದುದೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದರಲ್ಲಿಯೂ ಒಂದು ಕೊರತೆಯಿದೆ. ಕಂಪನಿ ಯಾವುದನ್ನು ತೆಗಳಿತೋ ಅದನ್ನೇ ಈ ಓದು ಹೊಗಳುತ್ತದೆ. ಎರಡೂ ಕಡೆಗಳಲ್ಲಿ ವಸ್ತು ಅರಸನ ಮನಸ್ಸಿನ ಪ್ರತಿಬಿಂಬವಾಗಿಯೇ ಉಳಿಯುತ್ತದೆ. ಮರವನ್ನು ಕಡೆದವನು, ತಿದಿಯನ್ನು ಹೊಲಿದವನು, ಕೊಳವೆಯ ಶ್ರುತಿ ಕೂಡಿಸಿದವನು, ಪಟ್ಟೆಗಳನ್ನು ಬರೆದ ಚಿತ್ರಗಾರ ಇವರಲ್ಲಿ ಒಬ್ಬರ ಹೆಸರೂ ಉಳಿದಿಲ್ಲ. ಮೂರು ಓದುಗಳಲ್ಲಿ ಒಂದಕ್ಕೂ ಅವರ ಹೆಸರಿನ ಅಗತ್ಯ ಬಿದ್ದಿಲ್ಲ.

ಕೈಗಳ ಕಡೆಯಿಂದ ನೋಡಿದಾಗ ಬೇರೆಯ ಚಿತ್ರ ಮೂಡುತ್ತದೆ. ಮೈ ಬಣ್ಣದ ಮರದ್ದು, ಈ ನಾಡಿನ ಗೊಂಬೆಯ ಮತ್ತು ತೇರಿನ ಪರಂಪರೆಗೆ ಹತ್ತಿರವಾದುದು. ಒಳಗಿನ ಆರ್ಗನ್ ಯುರೋಪಿನ ತಿಳಿವನ್ನು ಒಳಗೊಂಡುದು. ಇವೆರಡನ್ನೂ ಒಂದೇ ವಸ್ತುವಿನಲ್ಲಿ ಕೂಡಿಸಲು ಎರಡು ಬಗೆಯ ಕುಶಲರು ಒಂದೇ ಸೂರಿನಡಿ ಕೆಲಸ ಮಾಡಬೇಕಾಗುತ್ತದೆ, ಅಥವಾ ಒಬ್ಬರ ಕೆಲಸವನ್ನು ಮತ್ತೊಬ್ಬರು ಚೆನ್ನಾಗಿ ಅರಿತಿರಬೇಕಾಗುತ್ತದೆ. ರಾಯಭಾರಗಳ ಮೂಲಕ ಟಿಪ್ಪು ಬಯಸಿದ್ದೂ ಇಂಥ ಕೂಟವನ್ನೇ. ಆ ದೃಷ್ಟಿಯಿಂದ ಹುಲಿಯಂತ್ರ ಒಂದು ಕಾರ್ಖಾನೆಯ ಫಲ. ಅದು ಯಾರೂ ಯಾರಿಗೂ ಕೊಟ್ಟದ್ದಲ್ಲ. ಅರಸ ತನ್ನ ನಾಡಿನಲ್ಲಿ ಮಾಡಿಸಿಕೊಂಡದ್ದು. ಕಾಕ್ಸನ ಹಂಸದೊಂದಿಗೆ ಅದನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವಾಗ ಈ ಮೂಲಭೂತ ವ್ಯತ್ಯಾಸ ಅಳಿಸಿಹೋಗುತ್ತದೆ. ಕಾಕ್ಸನ ಯಂತ್ರ ನೋಡುವವನನ್ನು ಒಲಿಸಿಕೊಳ್ಳಲು ಚಲಿಸುತ್ತದೆ. ಹುಲಿಯಂತ್ರಕ್ಕೆ ಯಾರನ್ನೂ ಒಲಿಸಿಕೊಳ್ಳಬೇಕಾದ ಅಗತ್ಯವಿರಲಿಲ್ಲ.

೬. ಸಿಂಹಾಸನ: ಸೂರೆಯು ಉಡುಗೊರೆಯಾದ ಬಗೆ

ಟಿಪ್ಪುವಿನ ರತ್ನಗಳು ಕಾಣುತ್ತಿದ್ದದ್ದು ಅವನ ಸಿಂಹಾಸನದಲ್ಲಿ. ಮರದ ಚೌಕಟ್ಟಿಗೆ ಹೊನ್ನಿನ ತಗಡು ಹೊದಿಸಿದ ಎಂಟು ಮೂಲೆಗಳ ಪೀಠ, ಅದನ್ನು ಹೊತ್ತ ಹುಲಿ, ಸುತ್ತಣ ಕಟಕಟೆಯ ಮೇಲೆ ಕೆಂಪು, ಪಚ್ಚೆ, ವಜ್ರಗಳನ್ನು ಕೂರಿಸಿದ ಪುಟ್ಟ ಹುಲಿಮುಖಗಳು, ಮೇಲಣ ಛತ್ರದ ತುದಿಯಲ್ಲಿ ಹುಮಾ ಎಂಬ ಹಕ್ಕಿ. ಹುಮಾದ ನೆರಳು ಬಿದ್ದವನು ಅರಸನಾಗುವನೆಂಬುದು ಪರ್ಷಿಯಾದ ನಂಬಿಕೆ. ಬ್ರಿಟಿಷರನ್ನು ಪೂರ್ತಿಯಾಗಿ ಗೆಲ್ಲುವವರೆಗೆ ಇದನ್ನು ಏರುವುದಿಲ್ಲವೆಂದು ಟಿಪ್ಪು ಪಣತೊಟ್ಟಿದ್ದನೆಂಬ ಪ್ರತೀತಿ ಆ ಕಾಲದಿಂದಲೂ ಇದೆ.

ಕೋಟೆ ಬಿದ್ದ ಮೇಲೆ ಸೂರೆಯ ಹಂಚಿಕೆಗೆ ನೇಮಕವಾದ ಸಮಿತಿ ಈ ಸಿಂಹಾಸನವನ್ನು ಒಡೆಸಿತು. ಹೊನ್ನನ್ನು ತೂಕಕ್ಕೆ ತಕ್ಕಂತೆ ಹಂಚಬೇಕಾಗಿತ್ತು. ಇಡಿಯಾದ ವಸ್ತುವನ್ನು ಹಂಚಲಾಗದು. ಹುಮಾ ಹಕ್ಕಿಯೂ ಪೀಠದ ದೊಡ್ಡ ಹುಲಿತಲೆಯೂ ಬ್ರಿಟಿಷ್ ರಾಜಮನೆತನದ ಸಂಗ್ರಹ ಸೇರಿ ವಿಂಡ್ಸರಿನಲ್ಲಿವೆ. ಹುಲಿಮುಖಗಳಲ್ಲೊಂದು ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ. ಮತ್ತೊಂದು ಹುಲಿಮುಖವು ಹೊರದೇಶಕ್ಕೆ ಹೋಗದಂತೆ ೨೦೨೧ರ ನವೆಂಬರಿನಲ್ಲಿ ಬ್ರಿಟಿಷ್ ಸರ್ಕಾರ ತಾತ್ಕಾಲಿಕ ತಡೆ ವಿಧಿಸಿತು. ಆಗ ಅದರ ಬೆಲೆ ೧೫ ಲಕ್ಷ ಪೌಂಡುಗಳೆಂದು ನಿಗದಿಯಾಗಿತ್ತು. ಶ್ರೀರಂಗಪಟ್ಟಣದಿಂದ ಹೊರಟ ವಸ್ತು ಬ್ರಿಟನ್ನನ್ನು ಬಿಡಬಾರದೆಂಬ ಕಾಳಜಿ ಆ ದೇಶದ ಪರಂಪರೆಯ ಹೆಸರಿನಲ್ಲಿ ವ್ಯಕ್ತವಾದದ್ದು ವಿಚಾರಾರ್ಹ.

ಹುಮಾ ಹಕ್ಕಿಯ ಪಯಣವನ್ನು ಹಂತಹಂತವಾಗಿ ನೋಡಬೇಕು. ಅದು ಸೂರೆಯ ಪಾಲಾಗಿ ಕಂಪನಿಯ ಆಡಳಿತದ ಕೈ ಸೇರಿತು. ಗವರ್ನರ್ ಜನರಲ್ ವೆಲ್ಲೆಸ್ಲಿ ಅದನ್ನು ಲಂಡನ್ನಿನ ನಿರ್ದೇಶಕರಿಗೆ ಕಳುಹಿಸಿದ. ಅವರು ಅದನ್ನು ಮೂರನೆಯ ಜಾರ್ಜ್ ದೊರೆಗೆ ಒಪ್ಪಿಸಿದರು. ಕೊನೆಯ ಹಂತದಲ್ಲಿ ಮಾತ್ರ ಅದು ಅರಸನಿಗೆ ಸಂದ ರತ್ನಖಚಿತ ಉಡುಗೊರೆಯಾಯಿತು. ಪ್ರಜೆಗಳು ದೊರೆಗೆ ಒಪ್ಪಿಸಿದ್ದಾದ್ದರಿಂದ ಕನ್ನಡದ ಪದಸಂಪತ್ತಿನಲ್ಲಿ ಅದನ್ನು ಕಾಣಿಕೆಯೆನ್ನುವುದೇ ಸರಿ. ಸಂಗ್ರಹಾಲಯದ ವಿವರಪಟ್ಟಿಗೆ ಕೊನೆಯ ಹಂತದ ಪದವೇ ಮುಖ್ಯವಾಗುತ್ತದೆ, ಏಕೆಂದರೆ ಒಡೆತನವನ್ನು ಸಾಧಿಸುವುದು ಅದೇ. ಇತಿಹಾಸಕಾರನಿಗೆ ಮೊದಲ ಹಂತವೂ ಅಷ್ಟೇ ಮುಖ್ಯ. ಸೂರೆಯನ್ನು ಕಾಣಿಕೆಯ ಪದ ಮುಚ್ಚಿದರೆ ನಡೆದುದರ ಅರ್ಧ ಭಾಗ ಓದುಗನ ಕಣ್ಣಿಗೆ ಬೀಳುವುದಿಲ್ಲ.

ಇದೇ ೧೭೯೯ರಲ್ಲಿ ಮತ್ತೊಂದು ಸಿಂಹಾಸನದ ಕಥೆಯೂ ನಡೆಯಿತು. ವಿಜಯನಗರದ ಮೂಲಕ ಬಂದುದೆಂದು ಐತಿಹ್ಯ ಹೇಳುವ, ೧೬೧೦ರಲ್ಲಿ ರಾಜ ಒಡೆಯರಿಗೆ ಶ್ರೀರಂಗಪಟ್ಟಣದಲ್ಲಿ ದಕ್ಕಿತೆನ್ನಲಾದ ರತ್ನಸಿಂಹಾಸನ ಅರಮನೆಯ ಉಗ್ರಾಣದಲ್ಲಿ ಸಿಕ್ಕಿತೆಂಬುದು ಪರಂಪರೆಯ ಹೇಳಿಕೆ. ಜೂನ್ ೩೦ರಂದು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಾಭಿಷೇಕವಾಯಿತು. ಎರಡು ತಿಂಗಳ ಅವಧಿಯಲ್ಲಿ ಒಂದು ಪೀಠವನ್ನು ಒಡೆದು ಹಂಚಲಾಯಿತು, ಇನ್ನೊಂದರ ಪರಂಪರೆಗೆ ಮರುಜೀವ ಬಂದಿತು. ಎರಡನ್ನೂ ನಿರ್ಧರಿಸಿದ್ದು ಒಂದೇ ಅಧಿಕಾರ. ಮೈಸೂರಿನ ದೊರೆಗೆ ಆಗ ದೊರೆತ ರಾಜ್ಯವೇ ಕಂಪನಿಯ ಉಡುಗೊರೆಯ ರೂಪದಲ್ಲಿತ್ತು. ಉಡುಗೊರೆ ಕೊಟ್ಟವನು ಮೇಲಿನವನೆಂಬುದು ೧೮೩೧ರಲ್ಲಿ ಆಡಳಿತವನ್ನು ಮರಳಿ ಪಡೆದಾಗ ಸ್ಪಷ್ಟವಾಯಿತು.

೭. ಅರಮನೆಯ ಗಡಿಯಾರ

ಅಧಿಕಾರ ಕಳೆದುಕೊಂಡ ಬಳಿಕ ಮುಮ್ಮಡಿ ಕೃಷ್ಣರಾಜರ ಆಸ್ಥಾನದ ಆಸಕ್ತಿ ವಿದ್ಯೆ, ಚಿತ್ರ ಮತ್ತು ಕ್ರೀಡೆಗಳ ಕಡೆಗೆ ಹರಿಯಿತು. ಅವರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯ ಕೊನೆಯ ನಿಧಿ ಕೌತುಕಕ್ಕೆ, ಅಂದರೆ ಆಟಗಳಿಗೆ ಮೀಸಲು. ಚದುರಂಗದ ಕುದುರೆ ಮಣೆಯ ಎಲ್ಲ ಮನೆಗಳನ್ನೂ ಒಮ್ಮೊಮ್ಮೆ ಮುಟ್ಟಿಬರುವ ಸಮಸ್ಯೆಯಲ್ಲಿ ಅವರು ತೋರಿದ ಪರಿಣತಿ ಪ್ರಸಿದ್ಧ. ಸೋಮೇಶ್ವರನ ಕ್ರೀಡಾವಿಂಶತಿಯೊಂದಿಗೆ ಇದನ್ನು ಇಟ್ಟು ನೋಡುವುದು ಸಹಜ. ಆದರೆ ಸೋಮೇಶ್ವರನಲ್ಲಿ ಕ್ರೀಡೆ ರಾಜ್ಯದ ಸ್ಥೈರ್ಯವನ್ನು ಅನುಸರಿಸಿ ಬರುತ್ತದೆ. ಇಲ್ಲಿ ಅದು ರಾಜ್ಯವಿಲ್ಲದ ದೊರೆಯ ರಾಜ್ಯವಾಗುತ್ತದೆ.

೧೮೬೧ರಲ್ಲಿ ನಿರ್ಮಾಣವಾದ, ೧೯೧೫ರಿಂದ ಚಿತ್ರಶಾಲೆಯಾಗಿರುವ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಒಂದು ಫ್ರೆಂಚ್ ಗಡಿಯಾರವಿದೆ. ಕ್ಷಣಗಳನ್ನು ಎಣಿಸಲು ಪುಟ್ಟ ತಮ್ಮಟೆ ಬಡಿಯುವುದು, ಗಂಟೆಗೊಮ್ಮೆ ಬೊಂಬೆ ಸೈನಿಕರು ಸಾಲಾಗಿ ಹಾದುಹೋಗುವುದು ಅದರ ಏರ್ಪಾಡು. ನೋಡಲು ಬಂದ ಮಕ್ಕಳು ಅದರ ಮುಂದೆ ಕಾಯುತ್ತ ನಿಲ್ಲುವುದು ವಾಡಿಕೆ. ಯುರೋಪಿನ ಬೆರಗಿನ ಯಂತ್ರ ಪೂರ್ವದ ಅರಮನೆಯಲ್ಲಿ ಹೇಗಿರಬೇಕೆಂದು ಕಾಕ್ಸನಂಥವರು ಬಯಸಿದ್ದರೋ ಹಾಗೆಯೇ ಅದು ಅಲ್ಲಿದೆ. ಸೈನ್ಯವಿಲ್ಲದ ಅರಮನೆಯಲ್ಲಿ ಗಂಟೆಗೊಮ್ಮೆ ಸೈನ್ಯ ಹಾದುಹೋಗುತ್ತದೆ.

ಹುಲಿಯಂತ್ರವೂ ಈ ಗಡಿಯಾರವೂ ಪರಸ್ಪರ ಸ್ಥಳ ಬದಲಿಸಿಕೊಂಡಂತೆ ತೋರುತ್ತವೆ. ಮೈಸೂರಿನಲ್ಲಿ ತಯಾರಾದದ್ದು ಲಂಡನ್ನಿನಲ್ಲಿ, ಫ್ರಾನ್ಸಿನಲ್ಲಿ ತಯಾರಾದದ್ದು ಮೈಸೂರಿನಲ್ಲಿ. ಈ ಅದಲುಬದಲನ್ನು ಅಭಿರುಚಿಯ ಬದಲಾವಣೆಯೆಂದು ಕರೆದರೆ ಸಾಲದು. ಗಡಿಯಾರ ಕಟ್ಟುವವನನ್ನು ಬಯಸಿದ ನಾಡು ಗಡಿಯಾರವನ್ನು ಕೊಳ್ಳುವ ನಾಡಾಯಿತು. ನಡುವೆ ಇದ್ದದ್ದು ೧೭೯೯.

೮. ಸಮಾರೋಪ

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ಹೊರಡುತ್ತವೆ. ಒಂದು, ರತ್ನ ಮತ್ತು ಯಂತ್ರ ಕೂಡಿದ ರಾಜೋಪಾಯನವೆಂಬ ವರ್ಗ ಯುರೋಪಿನ ವ್ಯಾಪಾರದಲ್ಲಿ ರೂಪುಗೊಂಡುದು. ಇಲ್ಲಿ ಪರಿಶೀಲಿಸಿದ ಕನ್ನಡ ನಾಡಿನ ನಿದರ್ಶನಗಳಲ್ಲಿ ರತ್ನ ಪೀಠಕ್ಕೂ ಯಂತ್ರ ವಿನೋದಕ್ಕೂ ಸೇರಿದೆ. ಮಾನಸೋಲ್ಲಾಸದ ವಿಂಗಡಣೆ, ಮಹಾನವಮಿಯ ಬಯಲು ಮತ್ತು ಶ್ರೀರಂಗಪಟ್ಟಣದ ಅರಮನೆ ಇದನ್ನು ಒಂದೇ ಬಗೆಯಾಗಿ ತೋರಿಸುತ್ತವೆ. ಎರಡು, ಹುಲಿಯಂತ್ರವನ್ನು ಅರಸನ ಸ್ವಭಾವದ ಸಂಕೇತವಾಗಿ ಮಾತ್ರ ಓದುವುದು, ತೆಗಳಿಕೆಯಾಗಲಿ ಹೊಗಳಿಕೆಯಾಗಲಿ, ಅದನ್ನು ಮಾಡಿದ ಕೈಗಳಿಗೆ ಅನ್ಯಾಯ ಮಾಡುವುದು. ಮೂರು, ಒಂದು ವಸ್ತು ಉಡುಗೊರೆಯೋ ಕಾಣಿಕೆಯೋ ಕಪ್ಪವೋ ಸೂರೆಯೋ ಎಂಬುದನ್ನು ಅದರ ಪ್ರ‍ಯಾಣದ ಪ್ರತಿ ಹಂತದಲ್ಲಿಯೂ ಪ್ರತ್ಯೇಕವಾಗಿ ಹೇಳಬೇಕು.

ಈ ಮೂರನೆಯ ಅಂಶದಲ್ಲಿ ಕನ್ನಡ ಸಂಶೋಧನೆ ಮಾಡಬಹುದಾದ ಕೆಲಸ ಹೆಚ್ಚು. ನಾಡಿನಾಚೆಯ ಸಂಗ್ರಹಾಲಯಗಳಲ್ಲಿರುವ ಕರ್ನಾಟಕದ ವಸ್ತುಗಳ ವಿವರಪಟ್ಟಿಯೊಂದು ಕನ್ನಡದಲ್ಲಿ ಸಿದ್ಧವಾಗುವಾಗ, ಅವುಗಳ ಅಳತೆ ಮತ್ತು ಕಾಲಗಳ ಜೊತೆಗೆ ಅವು ಕೈ ಬದಲಿಸಿದ ರೀತಿಯನ್ನೂ ಕನ್ನಡದ ಖಚಿತ ಪದಗಳಲ್ಲಿ ನಮೂದಿಸುವುದು ಅಗತ್ಯ. ಅದರೊಂದಿಗೆ ಕಿನ್ನಾಳದ ಚಿತ್ರಗಾರರ, ತೇರು ಕಟ್ಟುವ ಬಡಗಿಗಳ, ಚನ್ನಪಟ್ಟಣದ ಅರಗಿನ ಕೆಲಸದವರ ತಾಂತ್ರಿಕ ಪದಗಳನ್ನೂ ಅಳತೆಯ ಕ್ರಮಗಳನ್ನೂ ದಾಖಲಿಸಿದರೆ, ಹುಲಿಯಂತ್ರದ ಮರದ ಮೈಯನ್ನು ಹೋಲಿಸಿ ನೋಡಲು ಒಂದು ಆಧಾರ ದೊರೆಯುತ್ತದೆ. ಆಗ ಅದರ ಕರ್ತೃಗಳ ಹೆಸರು ತಿಳಿಯದಿದ್ದರೂ ಅವರ ಕೈ ಯಾವ ಪರಂಪರೆಯದೆಂಬುದು ತಿಳಿದೀತು. ಕಿತ್ತುಕೊಂಡು ಹೋದ ವಸ್ತು ಮರಳುವುದೋ ಇಲ್ಲವೋ, ಅದನ್ನು ಮಾಡಿದವರ ಅರಿವು ಇನ್ನೂ ಈ ನೆಲದಲ್ಲಿ ಉಸಿರಾಡುತ್ತಿರುವಾಗಲೇ ಅದನ್ನು ಬರೆದಿಡುವ ಕಾರ್ಯ ನಡೆಯಬೇಕಾಗಿದೆ.